ಭಂಡಾರ ಹಚ್ಚಿದ ಹಣೆ

ನಮ್ಮ ಮನೆಯಲ್ಲಿ ಅಪ್ಪನ ಕೈ ಬೀಳದ ಜೀವಗಳು ಎರಡೇ ಇದ್ದವು. ಒಂದು ನಾನು, ಇನ್ನೊಂದು ದೇವಿಗೆ ಬಿಟ್ಟ ಟಗರು. ಉಳಿದದ್ದು ಅವ್ವ. ಮೂರು ಮಂದಿಯ ಪಾಲಿನ ಏಟನ್ನು ಅವಳೊಬ್ಬಳೇ ತಿನ್ನುತ್ತಿದ್ದಳು.

ಅಪ್ಪನದು ತಾವರಗೇರಾ ಸಂತೆಯಲ್ಲಿ ಕುರಿ ವ್ಯಾಪಾರ. ಕುರಿಯ ಬೆನ್ನಮೂಳೆ ಒತ್ತಿ ನೋಡಿ ಇಷ್ಟು ಮಾಂಸ ಬೀಳುತ್ತದೆ ಅಂತ ಹೇಳಿಬಿಡುತ್ತಿದ್ದ, ಅಂಥ ಕೈ. ನಾನು ಪಿಯುಸಿ ಸೈನ್ಸಿಗೆ ಸೇರಿದಾಗ ಒಂದು ಗಟ್ಟಿ ಟಗರುಮರಿಯನ್ನು ಊರ ದ್ಯಾಮವ್ವನ ಗುಡಿಗೆ ಹೊತ್ತೊಯ್ದು, ಅದರ ಹಣೆಗೆ ಭಂಡಾರ ಬಳಿದು, "ನನ್ನ ಮಗಳಿಗೆ ಡಾಕ್ಟರ್ ಸೀಟು ಕೊಡಬೇ ತಾಯಿ, ಇದನ್ನ ನಿನಗ ಕೊಡ್ತೀನಿ" ಎಂದ. ಗುಡಿಯ ಆ ಅರಿಶಿನದ ಪುಡಿ ಹಣೆಗೆ ಬಿತ್ತೆಂದರೆ ಮುಗಿಯಿತು, ಪ್ರಾಣಿ ದೇವಿಯದು. ಹರಕೆ ತೀರುವವರೆಗೆ ಮಾರುವಂತಿಲ್ಲ, ಕೊಯ್ಯುವಂತಿಲ್ಲ, ಒಂದು ಏಟು ಕೂಡ ಹಾಕುವಂತಿಲ್ಲ. ಮಾಸಿದಾಗಲೆಲ್ಲ ಅಪ್ಪ ಮನೆಯ ಬಟ್ಟಲಿನ ಭಂಡಾರವನ್ನು ಮತ್ತೆ ಬಳಿಯುತ್ತಿದ್ದ. ನನಗೆ ಹಾಲು, ತತ್ತಿ. ಅದಕ್ಕೆ ನೆನೆಸಿದ ಕಡಲೆ. ಇಬ್ಬರೂ ಚೆನ್ನಾಗಿ ಬೆಳೆದೆವು. ಅದಕ್ಕಂತೂ ಬಗ್ಗಿದವರ ಬೆನ್ನು ಕಂಡರೆ ಸಾಕು, ಹಿಂದಕ್ಕೆ ಸರಿದು ಓಡಿ ಬಂದು ಗುಮ್ಮುತ್ತಿತ್ತು. ಅಂಗಳ ಗುಡಿಸುತ್ತಿದ್ದ ಅವ್ವನನ್ನು ಒಮ್ಮೆ ಕೆಡವಿದಾಗ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಆಮೇಲೆ ಅವ್ವ ಅದನ್ನು ಗೂಟಕ್ಕೆ ಕಟ್ಟಿದ ಮೇಲೆಯೇ ಕಸಬರಿಗೆ ಹಿಡಿಯುತ್ತಿದ್ದಳು.

ನೀಟ್ ಫಲಿತಾಂಶ ಬಂದ ದಿನ ಅಪ್ಪ ಕಟ್ಟೆಯ ಮೇಲೆ ಕೂತಿದ್ದ.

"ಸೀಟು ಬರತೈತೇನು?"

"ಇಲ್ಲ."

ಅಪ್ಪ ಎದ್ದ. ನನ್ನನ್ನು ದಾಟಿಕೊಂಡು ಒಳಗೆ ಹೋದ. ರೊಟ್ಟಿ ಬಡಿಯುತ್ತಿದ್ದ ಅವ್ವನ ತುರುಬು ಹಿಡಿದು ಎಳೆದು, ಗೋಡೆಗೆ ಅವಳ ತಲೆ ಗುದ್ದಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ನಮ್ಮ ಮನೆಯಲ್ಲಿ ಅದು ಗಾದೆಯಲ್ಲ, ದಿನದ ಬದುಕು. ನನ್ನ ಟೆಸ್ಟುಗಳಲ್ಲಿ ಅಂಕ ಕಡಿಮೆಯಾದಾಗಲೆಲ್ಲ ಅವ್ವನ ಬೆನ್ನ ಮೇಲೆ ಬಾಸುಂಡೆ ಏಳುತ್ತಿತ್ತು. ನಾನು ಅಡ್ಡ ಹೋದರೆ ನನ್ನನ್ನು ಮೆಲ್ಲಗೆ ಎತ್ತಿ ಪಕ್ಕಕ್ಕೆ ನಿಲ್ಲಿಸಿ, ಮತ್ತೆ ಅವಳ ಮೇಲೇ ಬೀಳುತ್ತಿದ್ದ. ಆ ಮೆಲ್ಲಗೆ ಎತ್ತುವುದಿದೆಯಲ್ಲ, ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

"ಮತ್ತ ಬರೀಬೇಕು. ಗಂಗಾವತಿಯಾಗ ಕೋಚಿಂಗಿಗೆ ಹಾಕ್ತೀನಿ" ಎಂದು ಹೇಳಿ ಅಪ್ಪ ಹೊರಗೆ ಹೋದ.

ನಾನು ಅವ್ವನ ಹಣೆಗೆ ಒದ್ದೆ ಬಟ್ಟೆ ಒತ್ತುತ್ತ, "ನಾ ಬರೆಯಂಗಿಲ್ಲ. ಕುಷ್ಟಗಿಯಾಗ ಬಿಎಸ್ಸಿ ಮಾಡ್ತೀನಿ. ಇನ್ನೊಂದು ವರ್ಷ ನೀ ಬಡಿಸ್ಕೋಬೇಕೇನು?" ಎಂದೆ.

"ನೀ ಬಿಟ್ರ ಬಡಿಯೂದು ನಿಲ್ಲತೈತೇನ? ನಿನಗ ಹುಚ್ಚ ಹಿಡದೈತಿ. ಬರಿ ಸುಮ್ನ."

"ಹೊಡಿಸ್ಕೊಳ್ಳಾಕ ಹುಟ್ಟೀಯಲ್ಲ, ಹೊಡಿಸ್ಕೋ ಹೋಗು!" ಅಂದುಬಿಟ್ಟೆ. ಅವ್ವ ಅರ್ಧಕ್ಕೆ ನಿಂತಿದ್ದ ರೊಟ್ಟಿಯನ್ನು ಎಳೆದುಕೊಂಡು ಮತ್ತೆ ಬಡಿಯತೊಡಗಿದಳು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಅಪ್ಪನಿಗೆ ನೇರವಾಗಿ ಹೇಳಿದೆ. "ಯಪ್ಪಾ, ನಾ ಪರೀಕ್ಷೆ ಬರೆಯಂಗಿಲ್ಲ."

ಅವನು ನನ್ನ ಕಡೆ ನೋಡಲೇ ಇಲ್ಲ, ಅವ್ವನತ್ತ ತಿರುಗಿದ. "ನೀನ ಇಕಿ ತಲಿ ಕೆಡಿಸೀಯೇನಲೇ?" ಅನ್ನುತ್ತ ಮೂಲೆಯಲ್ಲಿದ್ದ ಬಾರುಕೋಲು ತೆಗೆದ. ಅವ್ವ "ಬ್ಯಾಡ್ರಿ, ಬರೀತಾಳ್ರಿ" ಅಂದಳು. ಮೊದಲ ಏಟು ಭುಜಕ್ಕೆ, ಎರಡನೆಯದು ಬಾಯಿಗೆ. ತುಟಿ ಒಡೆದು ರಕ್ತ ಸೆರಗಿಗೆ ಸುರಿಯಿತು. ಅವ್ವ ಕೆಳಗೆ ಬಿದ್ದಳು. ಅವಳ ಮೇಲೆ ಬಗ್ಗಿ ಅಪ್ಪ ಬಾರಿಸತೊಡಗಿದ.

ನಾನು ಗೂಟದ ಹತ್ತಿರ ಓಡಿ ಟಗರಿನ ಹಗ್ಗ ಬಿಚ್ಚಿದೆ.

ಅದಕ್ಕೇನು ನ್ಯಾಯ ಗೊತ್ತಿತ್ತೆ, ಸುಡುಗಾಡು? ಬಗ್ಗಿದ ಬೆನ್ನು ಕಂಡಿತು, ಅಷ್ಟೇ. ನಾಲ್ಕು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ ಬಂದು ಗುಮ್ಮಿತು. ಅಪ್ಪ ಎಗರಿ ಕಟ್ಟೆಯ ಕಲ್ಲಿಗೆ ಮೊಣಕಾಲು ಬಡಿದುಕೊಂಡು ಬಿದ್ದ. ಮೂಳೆ ಮುರಿದ ಸದ್ದು ನನಗೆ ಕೇಳಿತು. ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ಭಾಳ ಸಂತೋಷವಾಯಿತು.

ಅಪ್ಪ ತೆವಳಿಕೊಂಡು ಹೋಗಿ ಕಟ್ಟಿಗೆ ರಾಶಿಯಲ್ಲಿದ್ದ ಕೊಡಲಿ ಹಿಡಿದ. ಟಗರು ಮತ್ತೆ ಎದುರಿಗೆ ಬಂದು ನಿಂತಿತ್ತು. ಕೊಡಲಿ ಎತ್ತಿದ. ಆಗ ಅದರ ಹಣೆಯ ಹಳದಿ ಕಣ್ಣಿಗೆ ಬಿತ್ತು. ಕೈ ಹಾಗೇ ನಿಂತುಬಿಟ್ಟಿತು. ಕೊಡಲಿ ಕೆಳಗಿಟ್ಟು, ಎರಡೂ ಕೈ ಜೋಡಿಸಿ, "ತಪ್ಪಾತಬೇ ತಾಯಿ, ತಪ್ಪಾತು" ಅಂತ ಟಗರಿನ ಮುಂದೆ ಅಳತೊಡಗಿದ.

ಅವ್ವ ಎದ್ದು ಕೂತು ಬಾಯಿ ಒರೆಸಿಕೊಳ್ಳುತ್ತ ಅದನ್ನೇ ನೋಡುತ್ತಿದ್ದಳು. ಸಾರಿಗೆ ಉಪ್ಪಿಲ್ಲ ಅನ್ನುವ ಹಾಗೆ ಅಂದಳು: "ನನ್ನ ಹೆಸರಿಲೆ ಯಾರೂ ಹರಕಿ ಹೊತ್ತಿಲ್ಲ ನೋಡವಾ."

ನಾನು ಒಳಗೆ ಹೋದೆ. ದೇವರ ಜಗಲಿಯ ಮೇಲಿದ್ದ ಭಂಡಾರದ ಬಟ್ಟಲನ್ನೇ ಎತ್ತಿ ತಂದೆ. ಅವ್ವನ ಹಣೆಯ ತುಂಬ, ಗೋಡೆಗೆ ಬಡಿದು ಎದ್ದಿದ್ದ ಬುಗುಟಿನ ಮೇಲೂ, ಬಳಿದೆ.

"ದ್ಯಾಮವ್ವಾ, ನಾ ಮತ್ತ ಪರೀಕ್ಷೆ ಬರೀತೀನಿ. ನನಗ ಸೀಟು ಬರೂತನಾ ನಮ್ಮವ್ವನ ಮೈಮ್ಯಾಲೆ ಕೈ ಬೀಳಬಾರದು. ಬಿದ್ರ, ಬಿದ್ದ ಕೈ ನೀ ನೋಡ್ಕೋ."

"ಲೇ ಹುಚ್ಚಿ, ಹಂಗ ಹೊರಬಾರದವಾ ಹರಕಿ" ಎಂದ ಅಪ್ಪ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಹೊತ್ತಾತು" ಎಂದೆ.

ಕೊಪ್ಪಳದ ಆಸ್ಪತ್ರೆಯಲ್ಲಿ ಅವನ ಕಾಲಿಗೆ ಪ್ಲಾಸ್ಟರ್ ಹಾಕಿಸಿ ತಂದ ಮೇಲೆ ನಾನು ಗಂಗಾವತಿಯ ಕೋಚಿಂಗಿಗೆ ಹೊರಟೆ. ಅವ್ವ ಈಗ ಕುಂಕುಮಕ್ಕಿಂತ ದೊಡ್ಡದಾಗಿ ಭಂಡಾರ ಹಚ್ಚಿಕೊಳ್ಳುತ್ತಾಳೆ. ಬಸ್‌ಸ್ಟ್ಯಾಂಡಿಗೆ ಬರುವಾಗಲೂ ಹಾಗೇ ಬಂದಿದ್ದಳು, ಜನ ನೋಡಿದರೆ ನೋಡಲಿ ಅಂತ. ಅಪ್ಪನ ಪ್ಲಾಸ್ಟರ್ ಬಿಚ್ಚಿಯಾಗಿತ್ತು. ಮೊನ್ನೆ ನಾನು ಕ್ಲಾಸಿಗೆ ಹೊರಟಾಗ ಅವ್ವ ಫೋನ್ ಮಾಡಿದಳು.

"ನಿನ್ನೆ ಸಾರು ಸೀದಿತ್ತು. ಕೈ ಎತ್ತಿದ್ರು. ಹಣಿ ನೋಡಿ ಇಳಿಸಿ, ಕೊಡಕ್ಕ ಒದ್ದು ಹ್ವಾದ್ರು."

ಇಬ್ಬರೂ ನಕ್ಕೆವು. ಆಮೇಲೆ ನಾನು ಹಲವು ದಿನಗಳಿಂದ ಗಂಟಲಲ್ಲೇ ಇಟ್ಟುಕೊಂಡಿದ್ದನ್ನು ಕೇಳಿದೆ. "ಯವ್ವಾ, ಸೀಟು ಬಂದ್ರ ಹರಕಿ ತೀರತೈತಿ. ಅವತ್ತಿಂದ ಮತ್ತ...?"

"ಅದೆಲ್ಲಾ ವಿಚಾರ ಮಾಡೀನಿ" ಎಂದಳು ಅವ್ವ. "ಅವತ್ತ ಅವರು ಟಗರು ಕೊಯ್ಕೊಂಡು ಊರಿಗೆಲ್ಲಾ ಉಣಸಲಿ. ನಾ ಆ ಪಂಕ್ತಿಯಾಗ ಕುಂದ್ರಂಗಿಲ್ಲ, ನಿನ್ನ ಕೂಡ ಬಸ್ಸಿನ್ಯಾಗ ಕುಂದರ್ತೀನಿ. ಸೀರಿ ಮಡಚಿ ಇಟ್ಟೀನಿ. ಹೋಗು, ಓದು."