ಗುಳ್ಳೆ ನಿಂತ ಗಾಜಿನ ತೊಟ್ಟಿ

ಚಿಂತಾಮಣಿಯ ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ ವೆಂಕಟರಾಯಪ್ಪ, ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಹಾಸಿಗೆ ಹಿಡಿದಿದ್ದ ಹೆಂಡತಿ ಲಕ್ಷ್ಮೀನರಸಮ್ಮನಿಗೆ ಹೊತ್ತು ಹೋಗಲೆಂದು ೧೯೬೪ರಲ್ಲಿ ಬೆಂಗಳೂರಿನಿಂದ ಒಂದು ಗಾಜಿನ ತೊಟ್ಟಿಯನ್ನೂ ಎರಡು ಕೆಂಪು ಮೀನುಗಳನ್ನೂ ತಂದಿದ್ದ. ನೀರಿಗೆ ಗಾಳಿ ಊದುವ ಪುಟ್ಟ ಕರೆಂಟಿನ ಪಂಪು ಮಂಚದ ಪಕ್ಕದಲ್ಲೇ ಗುಂಯ್‌ಗುಡುತ್ತಿತ್ತು.

ಒಂದು ಬೆಳಿಗ್ಗೆ ಪಂಪು ಸದ್ದು ಮಾಡುತ್ತಿದ್ದರೂ ನೀರಿನಲ್ಲಿ ಗುಳ್ಳೆ ಏಳಲಿಲ್ಲ. ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು.

"ಬೇಗ ನೋಡ್ರೀ, ಉಸಿರು ಸಿಗ್ದೆ ಒದ್ದಾಡ್ತಾ ಅವೆ," ಎಂದಳು ಲಕ್ಷ್ಮೀನರಸಮ್ಮ.

ವೆಂಕಟರಾಯಪ್ಪ ಪಂಪಿನಿಂದ ನೀರಿಗಿಳಿದಿದ್ದ ಕೊಳವೆಯನ್ನು ಊದಿ ನೋಡಿದ, ಕಟ್ಟಿರಲಿಲ್ಲ. ಅದರ ತುದಿಯಲ್ಲಿ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ತೂತುತೂತಾದ ಕಲ್ಲನ್ನು ಉಜ್ಜಿ ತೊಳೆದ, ಆದರೂ ಗುಳ್ಳೆ ಬರಲಿಲ್ಲ. ಕೊನೆಗೆ ಪಂಪನ್ನೇ ಬಿಚ್ಚಿದಾಗ ಒಳಗೆ ಅದುರಿ ಗಾಳಿ ತಳ್ಳುವ ರಬ್ಬರು ಸೀಳಿಹೋಗಿತ್ತು. ಹಳೆಯ ಸೈಕಲ್ ಟ್ಯೂಬನ್ನು ಕತ್ತರಿಸಿ ಅಳತೆಗೆ ಕೂರಿಸುವಷ್ಟರಲ್ಲಿ ಒಂದು ಮೀನು ಮಗುಚಿಕೊಂಡು ತೇಲಿತು.

ಗುಳ್ಳೆಗಳು ಮತ್ತೆ ಎದ್ದವು. ಉಳಿದ ಮೀನು ಮೆಲ್ಲಗೆ ತಳಕ್ಕಿಳಿಯಿತು.

"ಭಾನುವಾರ ಹೋಗಿ ಇನ್ನೊಂದು ತರ್ತೀನಿ ಕಣೇ," ಎಂದ.

"ಬ್ಯಾಡ ಬಿಡಿ," ಎಂದಳು ಅವಳು, ಅವನನ್ನೇ ನೋಡುತ್ತ. "ಒಂಟಿಯಾಗಿರೋದನ್ನ ಅದೂ ಕಲ್ತ್ಕೊಳ್ಲಿ."

ಅವಳು ಮೀನಿನ ಮಾತಾಡುತ್ತಿಲ್ಲವೆಂದು ಅವನಿಗೆ ತಿಳಿಯಿತು. ಸತ್ತ ಮೀನನ್ನು ಅಂಗೈಯಲ್ಲಿ ಹಿಡಿದು ಹಿತ್ತಲಿಗೆ ಹೋದವನು ಅದನ್ನು ನುಗ್ಗೆಮರದ ಬುಡದಲ್ಲಿ ಹೂತು, ಬಹಳ ಹೊತ್ತು ಒಳಗೆ ಬರಲಿಲ್ಲ.

ಆ ವರ್ಷದ ಕಾರ್ತೀಕದಲ್ಲಿ ಅವಳು ತೀರಿಕೊಂಡಳು. ಅವನು ಇನ್ನೊಂದು ಮೀನು ತರಲಿಲ್ಲ. ಉಳಿದದ್ದು ಇನ್ನೂ ಬಹಳ ಕಾಲ ಬದುಕಿತು. ವೆಂಕಟರಾಯಪ್ಪ ದಿನಾ ಗಿರಣಿಗೆ ಹೊರಡುವ ಮುನ್ನ ಖಾಲಿ ಮಂಚದ ಮೇಲೆ ಕೂತು, ಪಂಪು ಅದುರುತ್ತಿದೆಯೇ ಎಂದು ಅಂಗೈಯಿಟ್ಟು ನೋಡುತ್ತಿದ್ದ.