ಕನ್ನಡಿ ಮೇಲಿನ ಸುಣ್ಣ

ಕಿಟಕಿಯೇ ಇಲ್ಲದ ಕತ್ತಲೆ ಕೋಣೆ. ಟಿವಿಯಂಥ ಪರದೆಯಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕಿ ಹೊಳೆಯುತ್ತಿತ್ತು.

"ಅದು ಒಂದೇ ಒಂದು ಅಯಾನು ಕಣ್ ತಾತ," ಎಂದಳು ಮೊಮ್ಮಗಳು ಪವಿತ್ರಾ. "ಕ್ಯಾಲ್ಸಿಯಂ. ನಿನ್ ಸುಣ್ಣದ ಡಬ್ಬೀಲಿ ಇರೋದೇಯ."

"ಒಂದ್ ಡಬ್ಬಿನೇ ತಂದಿವ್ನಲ್ಲವ್ವ, ಒಸಿ ಕೊಡ್ಲಾ?"

ನಕ್ಕಳು. ಚನ್ನಪಟ್ಟಣದಿಂದ ಆಸ್ಟ್ರಿಯಾ ದೇಶದ ಈ ಬೆಟ್ಟದೂರಿಗೆ ನನ್ನನ್ನು ಕರೆಸಿಕೊಂಡವಳು ಅವಳೇ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನ ಮೊಮ್ಮಗಳು ಬೆಳಕಿನ ಕಾಳು, ಅವಳ ಬಾಯಲ್ಲಿ ಫೋಟಾನು, ಮಾಡುತ್ತಾಳೆಂದರೆ ನನಗೆ ಹಿಗ್ಗು ತಡೆಯುವುದಿಲ್ಲ. ಇಲ್ಲಿ ಎದುರಾದವರಿಗೆ 'ಗ್ರೂಸ್ ಗಾಟ್' ಎನ್ನುತ್ತಾರೆ, ನಮ್ಮ ನಮಸ್ಕಾರದ ಹಾಗೆ. ಅದೊಂದು ಕಲಿತು, ಬೇಕರಿಯವಳಿಗೂ ಬಸ್ಸಿನವನಿಗೂ ಮೊಮ್ಮಗಳ ಹೆಚ್ಚುಗಾರಿಕೆಯನ್ನು ಕನ್ನಡದಲ್ಲೇ ಸಾರಿದ್ದೇನೆ.

ಅವಳ ಕೆಲಸ ಇಷ್ಟು: ಎರಡು ಅಯಾನುಗಳಿಂದ ಒಂದೊಂದೇ ಬೆಳಕಿನ ಕಾಳು ಹೊರಡಬೇಕು. ಎರಡೂ ಕಾಳು ತದ್ರೂಪಾಗಿದ್ದರೆ ನಡುವಿನ ಗಾಜಿನಲ್ಲಿ ಕೂಡಿ ಒಂದೇ ದಾರಿ ಹಿಡಿಯುತ್ತವೆ. ಮುಂದೆ ಇವುಗಳಿಂದಲೇ ದೂರದೂರದ ಯಂತ್ರಗಳನ್ನು ಬೆಸೆಯುತ್ತಾರಂತೆ. ನಾನು ನಲವತ್ತು ವರ್ಷ ಮರ ಕಡೆದು ಅರಗಿನ ಬಣ್ಣದ ಬುಗುರಿ ಮಾಡಿದವನು. ಒಂದರಂತೆ ಇನ್ನೊಂದು ಬರಲೇ ಇಲ್ಲ. ತಾಳೆಗರಿಯಲ್ಲಿ ಉಜ್ಜಿ, ಹೆಬ್ಬೆರಳು ಸವರಿ ನುಣುಪು ನೋಡಿದರಷ್ಟೇ ಸಮಾಧಾನ.

ಅವತ್ತು ಪವಿತ್ರಾ ಅತ್ತ ತಿರುಗಿದಾಗ ಮೇಜಿನ ಮೇಲೆ ಆ ಬೆಳಕು ತಿರುಗಿಸುವ ಪುಟ್ಟ ಕನ್ನಡಿಯನ್ನೂ ಹಾಗೇ ಸವರಿಬಿಟ್ಟೆ. ಎಲೆಗೆ ಹಚ್ಚಿದ ಸುಣ್ಣ ಬೆರಳಲ್ಲೇ ಇತ್ತು.

ಆಮೇಲೆ ವಾರವಿಡೀ ಅವಳು ಸರಿಯಾಗಿ ಉಣ್ಣಲಿಲ್ಲ. "ಬೆಳಕೇ ಸಾಲ್ತಿಲ್ಲ ತಾತ." ನನಗೆ ಅನುಮಾನ ಬಂದಿತ್ತು, ಬಾಯಿ ಬಿಡಲಿಲ್ಲ. ಕೊನೆಗೆ ಕನ್ನಡಿಯ ಮೇಲಿನ ಬಿಳಿ ಗೆರೆ ಅವಳಿಗೇ ಕಂಡಿತು.

"ನಮ್ ಲ್ಯಾಬ್ ಮೇಷ್ಟ್ರಿಗೆ ನಂದೇ ಕೈ ತಗುಲ್ತು ಅಂದ್ಬುಟ್ಟೆ. ನೀ ಸುಮ್ನಿರು."

"ನೀನ್ಯಾಕವ್ವ ಸುಳ್ ಹೇಳ್ದೆ?"

"ಇನ್ನೇನ್ ಹೇಳ್ಲಿ? ನಮ್ ತಾತ ಪಾಲೀಸ್ ನೋಡ್ತು ಅನ್ಲಾ?"

ಆ ಮಾತು ಚುಚ್ಚಿತು. ಮರುದಿನ ಮೇಷ್ಟ್ರ ಮುಂದೆ ನಿಂತು 'ಗ್ರೂಸ್ ಗಾಟ್' ಎಂದೆ. ಹೆಬ್ಬೆರಳೆತ್ತಿ ಕನ್ನಡಿ ಸವರಿದ ಹಾಗೆ ತೋರಿಸಿ, ನಾನೇ ಎಂದು ನನ್ನ ಎದೆ ಮುಟ್ಟಿಕೊಂಡೆ. ಅವರು ಕುರ್ಚಿ ಎಳೆದು ಕೂರಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ಹೊಸ ಕನ್ನಡಿ ಬಂತು. ಮೊನ್ನೆ ಎರಡು ಕಾಳುಗಳೂ ಒಂದೇ ದಾರಿ ಹಿಡಿದವು. "ಒಳಕ್ ಬಾ ತಾತ!" ಎಂದು ಪವಿತ್ರಾ ಕೂಗಿದಳು. ನನ್ನ ಕಣ್ಣಲ್ಲಿ ನೀರು. ಆದರೂ ಬಾಗಿಲಲ್ಲೇ ನಿಂತೆ. ಚನ್ನಪಟ್ಟಣದಲ್ಲಿ ಈ ಹೆಬ್ಬೆರಳು ಒಪ್ಪದೆ ನನ್ನ ಒಂದು ಬುಗುರಿಯೂ ಅಂಗಡಿ ಸೇರುತ್ತಿರಲಿಲ್ಲ. ಇಲ್ಲಿ ಅದನ್ನು ಕಂಕುಳಲ್ಲಿ ಅವಿಸಿಟ್ಟುಕೊಂಡೇ ನನ್ನ ಕೂಸಿನ ಬೆಳಕು ನೋಡಿದೆ.