ಒಬ್ದುಲಿಯಾಳ ಕೈತೂಕ

ನಮ್ಮ ಊರು ಪಿನಾರ್ ದೆಲ್ ರಿಯೊದ ಚುಟ್ಟಾ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜು ಒಬ್ದುಲಿಯಾಳದು. ಬಾಯಿ ಬಿಟ್ಟರೆ ಬೈಗುಳ; ಕೈಯ ಹದ ಮಾತ್ರ ಯಾರಿಗೂ ಬಾರದು. ಲಂಗ ಹಾಕುವ ವಯಸ್ಸಿಗೇ ಇಲ್ಲಿಗೆ ಬಂದವಳು ಈಗ ಅಜ್ಜಿ. ಚುಟ್ಟಾ ಸುತ್ತುವುದು ಬಿಟ್ಟರೆ ಅವಳಿಗೆ ಬೇರೆ ಹೆಮ್ಮೆಯಿಲ್ಲ.

ಹೋದ ಸೋಮವಾರ ಮೇಸ್ತ್ರಿ ಎವೆಲಿಯೊ ಅವಳದೊಂದು ಕಟ್ಟು ತೂಗಿ ಮುಖ ಗಂಟಿಕ್ಕಿಕೊಂಡ.

"ಅಕ್ಕಾ, ನಿನ್ನ ಚುಟ್ಟಾ ಇರಬೇಕಾದ ತೂಕಕ್ಕಿಂತ ಸರಾಸರಿ ಕಮ್ಮಿ ಬರ್ತಿದೆ. ಕೈ ಸೋತಿದೆ. ಇನ್ನು ಸುತ್ತೋದು ಬಿಟ್ಟು ಎಲೆ ನರ ಬಿಡಿಸೋ ಕೋಣೆಗೆ ಹೋಗ್ಬಿಡು."

"ಸೋತಿರೋದು ನಿನ್ನ ಕಣ್ಣು ಕಣೋ!" ಅಂದಳು. ಅವನು ಅತ್ತ ಹೋದ ಮೇಲೆ ಬೆರಳುಗಳನ್ನು ಮಡಚಿ, ಬಿಡಿಸಿ ನೋಡಿಕೊಂಡಳು.

ಗುಣಮಟ್ಟ ನೋಡುವ ಯುಡೆಲ್ಕಿಸ್ ಬಂದಳು. ದುಡುಕುವ ಹುಡುಗಿಯಲ್ಲ.

"ಮೊದ್ಲು ಈ ಅಮ್ಮನ ಕೈ ಸರಿಯಾಗೇ ಇದೆ ಅಂತಿಟ್ಕೊಳ್ಳೋಣ. ಸರಿಯಾದ ಕೈಯಿಂದ್ಲೂ ಒಂದು ಚುಟ್ಟಾ ಹೆಚ್ಚು, ಒಂದು ಕಮ್ಮಿ ಬರ್ತದೆ. ಆ ಏರುಪೇರನ್ನೂ ಮೀರಿದ ಕೊರತೆ ಸರಾಸರೀಲಿ ಕಂಡ್ರೆ ಮಾತ್ರ ಕೈ ಸೋತಿದೆ ಅನ್ಬಹುದು. ಮೇಸ್ತ್ರಿಗಳೇ, ಎಲ್ಲಾ ದಿನದ್ದೂ ತೂಗಿದ್ರಾ?"

"ಇಲ್ಲ, ಕೈಗೆ ಸಿಕ್ಕಿದ್ದು. ಶುಕ್ರವಾರದ ಕಟ್ಟು."

ಇಡೀ ಸಾಲು ಗೊಳ್ಳೆಂದು ನಕ್ಕಿತು. ನಾವು ಚುಟ್ಟಾ ಸುತ್ತುವಾಗ ದಿನವೂ ಅಟ್ಟಣೆಯ ಮೇಲೆ ಕೂತು ಕಾದಂಬರಿ ಓದುವ ಫಾಬಿಯಾನ್, ಶುಕ್ರವಾರವೇ ನಾಯಕನನ್ನು ಗುಂಡಿಕ್ಕಿ ಕೊಂದ ಅಧ್ಯಾಯ ಓದಿದ್ದ. ಎಲ್ಲರೂ ಅಳುತ್ತಲೇ ಸುತ್ತಿದ್ದೆವು. ಹೊಗೆಸೊಪ್ಪು ಎಷ್ಟು ತುಂಬಿದೆವೋ ದೇವರೇ ಬಲ್ಲ. ಯುಡೆಲ್ಕಿಸ್ ನನ್ನ ಶುಕ್ರವಾರದ ಕಟ್ಟನ್ನೂ ತೂಗಿದಳು. ಒಬ್ದುಲಿಯಾಳದಕ್ಕಿಂತ ಹಗುರ!

ಆಮೇಲೆ ಯುಡೆಲ್ಕಿಸ್ ಒಬ್ದುಲಿಯಾಳ ಎಲ್ಲ ದಿನಗಳ ಕಟ್ಟುಗಳಿಂದ, ಆರಿಸದೆ, ಕಣ್ಣುಮುಚ್ಚಿ ಒಂದಷ್ಟು ಚುಟ್ಟಾ ಎತ್ತಿಕೊಂಡಳು. ಒಂದೊಂದನ್ನೂ ತೂಗಿದಳು, ಲೆಕ್ಕ ಹಾಕಿದಳು. ಒಬ್ದುಲಿಯಾ ಅತ್ತ ತಿರುಗಿಯೂ ನೋಡದೆ ಸುತ್ತುತ್ತಿದ್ದಳು.

"ಸರಾಸರಿ ಕೂದಲೆಳೆಯಷ್ಟು ಕಮ್ಮಿ ಅಮ್ಮಾ. ಅಷ್ಟು ಏರುಪೇರು ಎಂಥ ಒಳ್ಳೇ ಕೈಗೂ ಬರ್ತದೆ. ನಿಮ್ಮ ಕೈ ಸೋತೇ ಇಲ್ಲ ಅಂತ ಆಣೆ ಇಡಲಾರೆ. ಆದ್ರೆ ಸೋತಿದೆ ಅನ್ನೋಕೆ ಇದ್ರಲ್ಲಿ ಆಧಾರ ಇಲ್ಲ. ಮೇಜು ನಿಮ್ಮದೇ."

"ನಂಗಷ್ಟು ಸಾಕು ಮಗಳೇ."

ಎವೆಲಿಯೊ ತಲೆ ಕೆರೆದುಕೊಂಡು, "ಫಾಬಿಯಾನ್, ಇನ್ಮೇಲೆ ಯಾರನ್ನಾದ್ರೂ ಸಾಯಿಸೋ ಮೊದ್ಲು ನಂಗೊಂದು ಮಾತು ಹೇಳಯ್ಯ" ಅಂದ.

ಎಲ್ಲರೂ ನಕ್ಕರು. ಒಬ್ದುಲಿಯಾ ಮಾತ್ರ ಈಗ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು, ಶುಕ್ರವಾರಕ್ಕಿಂತ ಜೋರಾಗಿ. ಅಳುತ್ತಲೇ ಕೈಯಲ್ಲಿದ್ದ ಚುಟ್ಟಾ ಸುತ್ತಿ ಮುಗಿಸಿ ನನ್ನತ್ತ ತಳ್ಳಿದಳು.

"ಇದನ್ನ ಮಾತ್ರ ತೂಗೋಕೆ ಕೊಡ್ಬೇಡ, ನೀನೇ ಸೇದಿ ಬಿಡು!"